ಸಸಿಹಿತ್ಲು, ಪಿಲಿಕುಂಜೆ, ಆನೆಬಾಗಿಲು: ಕೇರಳದ ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ,

ಈ ಪತ್ರ ಕನ್ನಡದಲ್ಲಿದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ತಮ್ಮ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಹೇಳುತ್ತದೆ. ಹಾಗಾಗಿ ಉತ್ತರವನ್ನು ಕನ್ನಡದಲ್ಲೇ ನಿರೀಕ್ಷಿಸುತ್ತೇವೆ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಊರ ಹೆಸರುಗಳು, ಆ ಹೆಸರುಗಳನ್ನೇ ನಂಬಿಕೊಂಡಿರುವ ಜಮೀನಿನ ಕಾಗದಗಳು, ಇವೆರಡೇ ಇಲ್ಲಿನ ವಿಷಯ.

2021ರ ಜೂನ್‌ನಲ್ಲಿ ಒಂದು ಪಟ್ಟಿ ಪತ್ರಿಕೆಗಳಲ್ಲಿ ಬಂತು. ಕಾರಡ್ಕ ಕಾಡಗಂ ಆಗುತ್ತಿದೆ, ಬೇಡಡ್ಕ ಬೇಡಗಂ ಆಗುತ್ತಿದೆ, ಸಸಿಹಿತ್ಲು ತೈವಳಪ್ಪ್ ಆಗುತ್ತಿದೆ, ಆನೆಬಾಗಿಲು ಆನೆವಾಗಿಲ್ ಆಗುತ್ತಿದೆ ಎಂಬ ದೂರು. ಹೆಸರು ಬದಲಿಸುವ ಯಾವ ಆದೇಶವೂ ಇಲ್ಲ, ಅಂಥ ಆಲೋಚನೆಯೂ ಇಲ್ಲ ಎಂದು ಸರಕಾರ ಸ್ಪಷ್ಟಪಡಿಸಿತು. ಆ ಮಾತನ್ನು ನಾವು ಪೂರ್ತಿ ಒಪ್ಪುತ್ತೇವೆ, ನಮ್ಮ ಬೇಡಿಕೆ ನಿಂತಿರುವುದೇ ಅದರ ಮೇಲೆ. ಆದೇಶವಿಲ್ಲದೆ ಕಾಗದದಲ್ಲಿ ಹೆಸರು ಬೇರೆಯಾಗಿದ್ದರೆ ಅದು ಬರಹದ ತಪ್ಪು. ತಪ್ಪು ತಿದ್ದಲು ಹೊಸ ಕಾನೂನು ಬೇಡ. ಊರಿನ ಹೆಸರನ್ನು ನಿಜವಾಗಿಯೂ ಬದಲಿಸಬೇಕಿದ್ದರೆ ಕೇಂದ್ರ ಗೃಹ ಸಚಿವಾಲಯದ 1953ರ ಮಾರ್ಗಸೂಚಿ ಇದೆ, ಆ ಸಚಿವಾಲಯದ ಒಪ್ಪಿಗೆ ಬೇಕು. ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣವಿಲ್ಲದೆ ಮುಟ್ಟಬಾರದು ಎಂದೇ ಅದು ಹೇಳುತ್ತದೆ.

ಹೆಸರು ಕದಲುವುದು ಹೇಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಸಿಹಿತ್ಲು ಎಂದರೆ ಸಸಿಯ ಹಿತ್ತಿಲು. ಮಲಯಾಳದಲ್ಲಿ ತೈ ಅಂದರೂ ಸಸಿ, ವಳಪ್ಪ್ ಅಂದರೂ ಹಿತ್ತಿಲು. ಇಲ್ಲಿ ನಡೆದದ್ದು ಅನುವಾದ. ಕಾಸರಗೋಡು ಜಿಲ್ಲೆಯ ಹೊಸದುರ್ಗವನ್ನು ಪುದಿಯಕೋಟ ಎನ್ನುವುದೂ ಹಾಗೆಯೇ. ಪಿಲಿಕುಂಜೆಯ ಕಥೆ ಇನ್ನೂ ಸೂಕ್ಷ್ಮ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಂಜ ಎಂದರೆ ಗುಡ್ಡ. ತಮಿಳಿನ ಕನ್ಱು (ಕರು) ಮಲಯಾಳದಲ್ಲಿ ಕನ್ನ್, ತುಳುವಿನಲ್ಲಿ ಕಂಜಿ. ತಮಿಳಿನ ಒನ್ಱು (ಒಂದು) ಮಲಯಾಳದಲ್ಲಿ ಒನ್ನ್, ತುಳುವಿನಲ್ಲಿ ಒಂಜಿ. ಗುಡ್ಡ ಎಂಬ ಅರ್ಥದ ಕುನ್ಱು ಅದೇ ದಾರಿಯಲ್ಲಿ ಅಲ್ಲಿ ಕುನ್ನ್, ಇಲ್ಲಿ ಕುಂಜ. ಪಿಲಿಕುಂಜೆಯನ್ನು ಪುಲಿಕುನ್ನ್ ಎಂದು, ನೆಲ್ಲಿಕುಂಜೆಯನ್ನು ನೆಲ್ಲಿಕುನ್ನ್ ಎಂದು ಬರೆದರೆ ಅರ್ಥ ಉಳಿಯುತ್ತದೆ, ಆದರೆ ಆ ಗುಡ್ಡಕ್ಕೆ ಹೆಸರಿಟ್ಟವರು ತುಳುವರು ಎಂಬ ಸಾಕ್ಷ್ಯ ಅಳಿಸಿಹೋಗುತ್ತದೆ. ಇಂಥ ಸಾಕ್ಷ್ಯ ಯಾವ ಶಾಸನದಲ್ಲೂ ಸಿಗುವುದಿಲ್ಲ.

ಉಳಿದ ಬದಲಾವಣೆಗಳು ಬಹುಮಟ್ಟಿಗೆ ಲಿಪಿ ಮತ್ತು ಕಿವಿಯ ಕೆಲಸ. ಕನ್ನಡದ ತಲೆ, ಮಲೆ ಮಲಯಾಳದಲ್ಲಿ ತಲ, ಮಲ. ಅದೇ ಅಭ್ಯಾಸದಲ್ಲಿ ಕುಂಬಳೆ ಕುಂಬಳ ಆಗುತ್ತದೆ. ಕನ್ನಡದ ಬೆಳ್ಳಿ, ಬೇಲಿ ಅಲ್ಲಿ ವೆಳ್ಳಿ, ವೇಲಿ. ಆನೆಬಾಗಿಲು ಆನೆವಾಗಿಲ್ ಆದದ್ದು ಹಾಗೆ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಮಲಯಾಳ ಮಾತೃಭಾಷೆಯ ಗುಮಾಸ್ತರು ತಮ್ಮ ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಆದರೆ ಕಂದಾಯ ಕಡತದಲ್ಲಿ ಒಂದಕ್ಷರ ಬೇರೆಯಾದರೂ ಅದು ಬೇರೆ ಸ್ಥಳ.

ಈ ತಾಲೂಕುಗಳ ಹಳೆಯ ಕಾಗದ ಏಕೆ ಕನ್ನಡದಲ್ಲಿದೆ ಎಂಬುದು ಹೊಸದಾಗಿ ವರ್ಗವಾಗಿ ಬರುವ ಅಧಿಕಾರಿಗೆ ಗೊತ್ತಿರಲಿಕ್ಕಿಲ್ಲ. ಚಂದ್ರಗಿರಿಯ ದಡದ ಕೋಟೆ, ಬೇಕಲದ ಕೋಟೆ ಎರಡೂ ಇಕ್ಕೇರಿ ನಾಯಕರವು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಸೀಮೆ ಕೆನರಾ ಜಿಲ್ಲೆಗೆ ಸೇರಿತು. ಉತ್ತರ ಕನ್ನಡ ಮುಂಬಯಿಗೆ ಹೋದ ಮೇಲೂ ಇದು ಮದರಾಸಿನ ದಕ್ಷಿಣ ಕನ್ನಡದಲ್ಲೇ ಉಳಿಯಿತು. ಮೊದಲು ಬೇಕಲ ತಾಲೂಕು, ಆಮೇಲೆ ಕಾಸರಗೋಡು ತಾಲೂಕು. ಜಿಲ್ಲಾ ಕೇಂದ್ರ ಮಂಗಳೂರು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡುತ್ತಿದ್ದವರೂ ಶಾಲೆಯಲ್ಲಿ ಕಲಿತದ್ದು, ಕಾಗದ ಬರೆಸಿದ್ದು ಕನ್ನಡದಲ್ಲಿ. ಜನಗಣತಿಯ ಮಾತೃಭಾಷೆಯ ಕಾಲಂ ನೋಡಿ ಇಲ್ಲಿ ಕನ್ನಡಿಗರು ಕಡಿಮೆ ಎನ್ನುವವರು ಮರೆಯುವ ಸಂಗತಿ ಇದು.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಇಡಿಯಾಗಿ ಕೇರಳಕ್ಕೆ ಬಂತು. ರಾಜ್ಯಗಳನ್ನು ಮರುವಿಂಗಡಿಸಲು ನೇಮಿಸಿದ್ದ ಫಜಲ್ ಅಲಿ ಆಯೋಗ ತಾಲೂಕನ್ನು ಒಂದೇ ಘಟಕವಾಗಿ ನೋಡಿತು. ಇಡೀ ತಾಲೂಕಿನಲ್ಲಿ ಮಲಯಾಳಿಗಳ ಬಹುಮತ ಇದ್ದದ್ದು ನಿಜ. 1967ರಲ್ಲಿ ಮಹಾಜನ ಆಯೋಗ ತಾಲೂಕನ್ನು ಚಂದ್ರಗಿರಿ ಹೊಳೆಯಲ್ಲಿ ಎರಡಾಗಿ ನೋಡಿ, ಉತ್ತರ ದಡ ಮೈಸೂರು ರಾಜ್ಯಕ್ಕೆ ಹೋಗಲಿ ಎಂದಿತು. ಕೊಡಗಿನಿಂದ ಸುಳ್ಯದ ಮೂಲಕ ಬರುವ ಪಯಸ್ವಿನಿಯ ನೀರು ಸಮುದ್ರ ಸೇರುವ ಈ ಹೊಳೆ ತುಳುನಾಡಿನ ಹಳೆಯ ಎಲ್ಲೆ. ಆ ವರದಿ ನ್ಯಾಯದ್ದು ಎಂದೇ ನಮ್ಮ ನಂಬಿಕೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ ತೀರಿಕೊಳ್ಳುವವರೆಗೂ ಅದನ್ನು ಕೇಳುತ್ತಲೇ ಇದ್ದರು. ಆದರೆ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು, ನಿಮ್ಮ ಇಲಾಖೆಯದಲ್ಲ. ನಿಮ್ಮಿಂದ ಆಗುವ ಕೆಲಸವನ್ನಷ್ಟೇ ಇಲ್ಲಿ ಕೇಳುತ್ತಿದ್ದೇವೆ.

ಸ್ವಾತಂತ್ರ್ಯಕ್ಕೆ ಮೊದಲಿನ ಒಂದು ವಿಭಾಗಪತ್ರವನ್ನು ತೆಗೆದುಕೊಳ್ಳೋಣ. ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡು ತಾಲೂಕು, ಮಾಗಣೆ (ಗ್ರಾಮಗಳ ಗುಂಪು), ಗ್ರಾಮ, ಸರ್ವೆ ನಂಬ್ರ. ನಂತರ ಗಡಿ ವಿವರ: ಮೂಡು ಪುಣಿ (ಗದ್ದೆಯ ಬದು), ಪಡು ತೋಡು (ತೊರೆ), ತೆಂಕು ಇಂಥವರ ವರ್ಗಸ್ಥಳ (ಪಟ್ಟಾ ಜಮೀನು), ಬಡಗು ಕುಮ್ಕಿ ಗುಡ್ಡ (ವರ್ಗಸ್ಥಳಕ್ಕೆ ತಾಗಿದ ಸರಕಾರಿ ಜಾಗ). ಗೇಣಿಯಾಗಿದ್ದರೆ ಮೂಲಗೇಣಿಯೋ ಚಾಲಗೇಣಿಯೋ ಎಂಬುದೂ ಇರುತ್ತದೆ. ಮೊದಲನೆಯದು ಶಾಶ್ವತ, ಎರಡನೆಯದು ವರ್ಷದಿಂದ ವರ್ಷಕ್ಕೆ. ಭೂಮಿಯ ಜಾತಿ ಮೂರು: ಬೈಲು, ಮಜಲು, ಬೆಟ್ಟು. ಬೈಲು ತಗ್ಗಿನ ನೀರಿನ ಗದ್ದೆ, ಮಜಲು ನಡುವಿನದು, ಬೆಟ್ಟು ಮಳೆಯನ್ನೇ ನಂಬಿದ ಮೇಲಿನ ಗದ್ದೆ.

ದೊಡ್ಡ ಅನಾಹುತ ಆಗುವುದು ಈ ಮೂರು ಪದಗಳಲ್ಲೇ. ಕೇರಳದ ಮೂಲ ತೆರಿಗೆ ರಿಜಿಸ್ಟರಿನಲ್ಲಿ ಇರುವುದು ಮುಖ್ಯವಾಗಿ ನಿಲಂ (ಗದ್ದೆ) ಮತ್ತು ಪುರಯಿಡಂ (ಮನೆ, ತೋಟದ ಒಣ ಜಾಗ). ಬೆಟ್ಟು ಗದ್ದೆಯನ್ನು ಬೆಟ್ಟ ಎಂದು ಓದಿದವರು ಪುರಯಿಡಂ ಬರೆಯುತ್ತಾರೆ, ಗದ್ದೆಗೆ ಇರಬೇಕಾದ ಕಾನೂನಿನ ರಕ್ಷಣೆ ತಪ್ಪುತ್ತದೆ. ಎಂದೋ ಅಡಿಕೆ ತೋಟವಾದ ಜಾಗವನ್ನು ಹಳೆಯ ಬೈಲು ಎಂಬ ಪದ ನೋಡಿ ನಿಲಂ ಎಂದರೆ, 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿಗೆ, ಅಂದರೆ ಗದ್ದೆಗಳ ಸರಕಾರಿ ಪಟ್ಟಿಗೆ, ಅದು ಸೇರಿಕೊಳ್ಳುತ್ತದೆ. ಆಮೇಲೆ ಮನೆ ಕಟ್ಟಲು ಹೊರಟವರು ಜಾಗವನ್ನು ಆ ಪಟ್ಟಿಯಿಂದ ತೆಗೆಸಲು ಫಾರ್ಮ್ 5 ತುಂಬಿ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿಗೆ ಅಲೆಯಬೇಕು. ಹೊಣೆ ಓದಲು ಬಾರದ ಕಚೇರಿಯದ್ದು, ಖರ್ಚು ಮಾತ್ರ ಒಕ್ಕಲಿನದ್ದು.

ಹೆಸರಿನ ತೊಡಕು ಪೋಕುವರವಿನ (ಖಾತೆ ಬದಲಾವಣೆಯ) ಹೊತ್ತಿಗೆ ಎದ್ದು ಬರುತ್ತದೆ. ಮೂಲಪತ್ರದಲ್ಲಿ ಪಿಲಿಕುಂಜೆ, ತೆರಿಗೆ ರಶೀದಿಯಲ್ಲಿ ಪುಲಿಕುನ್ನ್. ಅಜ್ಜನ ಹೆಸರು ಕನ್ನಡದಲ್ಲಿ ಒಂದು ತರಹ, ತಂಡಪ್ಪೇರಿನಲ್ಲಿ (ಕಂದಾಯ ಖಾತೆಯಲ್ಲಿ) ಇನ್ನೊಂದು ತರಹ. ಎರಡೂ ಒಂದೇ ಎಂಬ ಸರ್ಟಿಫಿಕೇಟ್ ತನ್ನಿ ಎಂದು ಬ್ಯಾಂಕಿನವರು ಕೇಳುತ್ತಾರೆ. ಆ ಸರ್ಟಿಫಿಕೇಟ್ ಕೊಡಬೇಕಾದ ಅಧಿಕಾರಿಗೆ ಮೂಲಪತ್ರ ಓದಲು ಬರದಿದ್ದರೆ ಅನುವಾದ ಬೇಕು. ಕೈಬರಹದ ಹಳೆಯ ಮೋಡಿಯಂಥ ಕನ್ನಡವನ್ನು ಓದಬಲ್ಲ ಆಧಾರ (ಜಮೀನಿನ ಪತ್ರ) ಬರಹಗಾರರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ನಮಗೆ ಅತಿ ಹೆಚ್ಚು ಆತಂಕ ಇರುವುದು ಇದರ ಬಗ್ಗೆ.

ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಒಂದೇ ಕಡೆ ತರುವ ‘ಎನ್ಟೆ ಭೂಮಿ’ ಪೋರ್ಟಲ್ ಮೊದಲು ಜಾರಿಗೆ ಬಂದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮದಲ್ಲಿ, 2024ರಲ್ಲಿ. ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಡಿಜಿಟಲ್ ದಾಖಲೆಯಲ್ಲಿ ಒಮ್ಮೆ ಕೂತ ತಪ್ಪು ಎಲ್ಲ ಸರ್ಟಿಫಿಕೇಟುಗಳಿಗೂ ತಾನಾಗಿ ಹರಿಯುತ್ತದೆ. ಆದ್ದರಿಂದ ಈ ಎರಡು ತಾಲೂಕುಗಳಿಗೆ ಹೆಸರು ತುಂಬುವ ಕ್ರಮ ಬದಲಾಗಲಿ. ಮೊದಲು ಹಳೆಯ ದಾಖಲೆಯಲ್ಲಿದ್ದಂತೆ ಕನ್ನಡದಲ್ಲಿ ಹೆಸರು ತುಂಬಿ, ಅದರಿಂದ ಮಲಯಾಳಕ್ಕೆ ಅಕ್ಷರಕ್ಕಕ್ಷರ ಲಿಪ್ಯಂತರ ಮಾಡಿ. ಕುಂಬಳೆಯ ಕೊನೆಯ ಎಕಾರವನ್ನು, ಳಕಾರವನ್ನು ಬರೆಯಲು ಮಲಯಾಳ ಲಿಪಿಗೆ ಏನೂ ಕಷ್ಟವಿಲ್ಲ. ಇಂಗ್ಲಿಷಿನ Kumbla ಇಟ್ಟುಕೊಂಡು ಎರಡಕ್ಕೂ ಹೋದರೆ ಎಕಾರವೂ ಇಲ್ಲ, ಳಕಾರವೂ ಇಲ್ಲ. ಅನುವಾದವನ್ನಂತೂ ಯಾವ ಹಂತದಲ್ಲೂ ಮಾಡಬೇಡಿ.

ಇದರ ಜೊತೆಗೆ ಗ್ರಾಮ ಮತ್ತು ಉಪಸ್ಥಳಗಳ ಹೆಸರುಗಳ ಮೂರು ಲಿಪಿಯ ಪಟ್ಟಿಯೊಂದನ್ನು ಜಿಲ್ಲಾಡಳಿತ ಕರಡಾಗಿ ಪ್ರಕಟಿಸಿ, ಆಕ್ಷೇಪಕ್ಕೆ ಸಮಯ ಕೊಟ್ಟು ಅಂತಿಮಗೊಳಿಸಲಿ. ರಸ್ತೆಯ ಬೋರ್ಡ್ ಬರೆಯುವ ಗುತ್ತಿಗೆದಾರರಿಗೂ ಅದೇ ಪಟ್ಟಿ ಹೋಗಲಿ. ಎರಡು ತಾಲೂಕುಗಳ ವಿಲೇಜ್ ಕಚೇರಿಗಳಲ್ಲಿ ಕನ್ನಡ ಓದಬಲ್ಲ ಒಬ್ಬರಾದರೂ ಇರಲಿ. ಲೋಕಸೇವಾ ಆಯೋಗ ಕನ್ನಡ ಬಲ್ಲವರಿಗೆಂದೇ ಹುದ್ದೆ ಕರೆಯುವ ಪದ್ಧತಿ ಇದೆ. ಹಾಗೆ ಬಂದವರನ್ನು ಕನ್ನಡವೇ ಬೇಡದ ಕಚೇರಿಗೆ ಕಳುಹಿಸಬೇಡಿ. ಹಳೆಯ ಕನ್ನಡ ಕಡತಗಳ ಸ್ಕ್ಯಾನಿಂಗ್ ಆಗುವಾಗ ಓದಬಲ್ಲವರೇ ಸೂಚಿ ಬರೆಯಲಿ. ಸೂಚಿ ತಪ್ಪಾದ ಸ್ಕ್ಯಾನ್ ಕಳೆದುಹೋದ ಕಡತಕ್ಕೆ ಸಮ.

ಕರ್ನಾಟಕದ ಪರವಾಗಿ ನಾವು ಬರೆಯುತ್ತಿಲ್ಲ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು, ಇಲ್ಲಿನ ರೋಗಿಗಳಿಗೆ ಮಂಗಳೂರಿನ ದಾರಿ ಮುಚ್ಚಿದ್ದು ಅಲ್ಲಿನ ಸರಕಾರವೇ. ಇಲ್ಲಿಂದ ಮಂಗಳೂರು ಸುಮಾರು 50 ಕಿ.ಮೀ., ತಿರುವನಂತಪುರ 550 ಕಿ.ಮೀ. ಮೇಲೆ. ಅಷ್ಟು ದೂರದ ನಿಮ್ಮ ಕಚೇರಿಗೆ ಒಬ್ಬೊಬ್ಬ ಒಕ್ಕಲೂ ಅಲೆಯುವುದು ಸಾಧ್ಯವಿಲ್ಲ. ಡಿಜಿಟಲ್ ಸರ್ವೆ ಮುಗಿದ ಗ್ರಾಮಗಳ ಕನ್ನಡ ಹೆಸರಿನ ಕರಡು ಪಟ್ಟಿಯನ್ನು ಮೊದಲು ಉಜಾರು ಉಳುವಾರು ವಿಲೇಜ್ ಕಚೇರಿಯ ಗೋಡೆಗೆ ಅಂಟಿಸಿ. ತಿದ್ದುಪಡಿಗಳನ್ನು ಮೂಲಪತ್ರಗಳ ಸಮೇತ ಅಲ್ಲಿಯೇ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಇತಿ,
ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡಿಗರು