ಮೂರನೇ ಕ್ಲಾಸಿನ ನನ್ನ ಮಗನಿಗೆ ಶಾಲೆ ಯಾವಾಗ?

ಮಾನ್ಯ ಶಿಕ್ಷಣ ಸಚಿವರಿಗೆ,
ಕಲಬುರಗಿಯಿಂದ ಒಬ್ಬ ತಾಯಿಯ ನಮಸ್ಕಾರಗಳು.
ಅಕ್ಟೋಬರ್, 2021

ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಮಗಳು ಏಳನೇ ಕ್ಲಾಸು, ಮಗ ಮೂರನೇ ಕ್ಲಾಸು. ಮೂರನೇ ಕ್ಲಾಸು ಅನ್ನುವುದು ಹೆಸರಿಗೆ ಅಷ್ಟೆ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಅವನು ಒಂದನೇ ಕ್ಲಾಸಿನಲ್ಲಿದ್ದ. ಎರಡನೇ ಕ್ಲಾಸಿನ ಕೋಣೆಯೊಳಗೆ ಒಂದು ದಿನವೂ ಕೂರಲಿಲ್ಲ.

ಆಗ ಮುಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ದೇಶದ ಮೊದಲ ಕೊರೊನಾ ಸಾವು ಆಗಿದ್ದೇ ನಮ್ಮ ಕಲಬುರಗಿಯವರದು. ಆ ಮಾರ್ಚ್ 10ರ ನಂತರದ ದಿನಗಳ ಭಯ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಒಂದೂವರೆ ವರ್ಷ ದಾಟಿತು, ಸಾಹೇಬರೇ. ಒಂದರಿಂದ ಐದನೇ ಕ್ಲಾಸಿನ ಬಾಗಿಲು ಇನ್ನೂ ಹಾಕಿಯೇ ಇದೆ. ಅದನ್ನು ತೆರೆಯಿರಿ.

ಸರ್ಕಾರಿ ಶಾಲೆಯಲ್ಲಿ ಚಿಕ್ಕವರಿಗೆ ಆಡಿಸುತ್ತಾ ಕಲಿಸುವ ನಲಿ-ಕಲಿಯಲ್ಲಿ ನನ್ನ ಮಗ ಕಾರ್ಡು ಹಿಡಿದು ಓದುತ್ತಿದ್ದ. ರೇಷನ್ ಅಂಗಡಿಯ ಬೋರ್ಡನ್ನು ಅಕ್ಷರ ಕೂಡಿಸಿ ಓದಿ ನನ್ನ ಮುಖ ನೋಡುತ್ತಿದ್ದ. ಹೋದ ವಾರ ಅದೇ ಬೋರ್ಡು ತೋರಿಸಿದೆ. ಒತ್ತಕ್ಷರ ಬಂದಲ್ಲಿ ನಿಂತುಬಿಟ್ಟ. ಆಮೇಲೆ ನನ್ನ ಸೆರಗು ಹಿಡಿದು, "ಮನೀಗ್ ಹೋಗೂಣ ಅವ್ವಾ" ಅಂದ. ಆನ್‌ಲೈನ್ ಪಾಠ ಅನ್ನಬೇಡಿ. ಮನೆಯಲ್ಲಿರುವುದು ಒಂದೇ ಫೋನು. ರೊಟ್ಟಿಯ ಆರ್ಡರ್ ಬರುವುದೂ ಅದಕ್ಕೇ.

ಈಗ ಮಗಳ ವಿಷಯ. ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟನೇ ಕ್ಲಾಸು ಶುರುವಾದಾಗ ಅವಳಿಗೆ ಹಬ್ಬವೇ ಆಗಿತ್ತು. ಎರಡನೇ ವಾರದಲ್ಲಿ ಒಂದು ದಿನ ದಾರಿಯಲ್ಲೇ ಮಾಸ್ಕಿನ ದಾರ ಕಿತ್ತುಹೋಯಿತು. ವೇಲ್ ಅನ್ನು ಮೂಗು, ಬಾಯಿಗೆ ಬಿಗಿಯಾಗಿ ಕಟ್ಟಿಕೊಂಡು ಹೋದಳು. ಗೇಟಿನಲ್ಲೇ ತಡೆದರು. ಮಾಸ್ಕ್ ಹಾಕಿಕೊಂಡು ಬಾ ಅಂತ ಹನ್ನೆರಡು ವರ್ಷದ ಹುಡುಗಿಯನ್ನು ಒಬ್ಬಳೇ ವಾಪಸ್ ಕಳಿಸಿದರು. ನಾನು ರೊಟ್ಟಿ ಕೊಡಲು ಸೂಪರ್ ಮಾರ್ಕೆಟ್ ಕಡೆ ಹೋಗಿದ್ದೆ. ಮನೆಗೆ ಬೀಗ. ಮಧ್ಯಾಹ್ನ ಒಂದು ಗಂಟೆಯವರೆಗೆ ಹೊಸ್ತಿಲ ಮೇಲೆ ಕೂತಿದ್ದಳು. ನನ್ನನ್ನು ನೋಡಿದ ಕೂಡಲೇ ಅತ್ತಳು. ಮರುದಿನ ಶಾಲೆಗೆ ಹೋಗಲ್ಲ ಅಂದಳು. ಐದು ರೂಪಾಯಿಯ ಮಾಸ್ಕು! ಒಂದನ್ನು ಅಲ್ಲೇ ಕೊಟ್ಟು ಒಳಗೆ ಕರೆದುಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು?

ಅದೇ ಸೆಪ್ಟೆಂಬರ್ 3ಕ್ಕೆ ನಮ್ಮಲ್ಲಿ ಪಾಲಿಕೆ ಚುನಾವಣೆ ಆಯಿತು. ಪ್ರಚಾರಕ್ಕೆ ಬಂದವರು ನಮ್ಮ ಓಣಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ನಡೆದರು. ಮಾಸ್ಕು ಗದ್ದದ ಮೇಲಿತ್ತು. ಅವರನ್ನು ಯಾರೂ ವಾಪಸ್ ಕಳಿಸಲಿಲ್ಲ. ಏಪ್ರಿಲ್‌ನಲ್ಲೂ ಹೀಗೇ. ಆರರಿಂದ ಒಂಬತ್ತನೇ ಕ್ಲಾಸು ನಿಲ್ಲಿಸಿದಿರಿ, ಅದೇ ತಿಂಗಳು 17ಕ್ಕೆ ಬಸವಕಲ್ಯಾಣದಲ್ಲಿ ಉಪಚುನಾವಣೆ ಮಾತ್ರ ನಡೆಯಿತು. ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮಾಸ್ಕ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು. ಆದರೆ ಅದು ಮಗುವನ್ನು ಕಾಯುವುದಕ್ಕೆ, ಹೊರಗೆ ಹಾಕುವುದಕ್ಕಲ್ಲ. ಪ್ರತಿ ಶಾಲೆಯಲ್ಲೂ ಒಂದು ಡಬ್ಬಿ ತುಂಬ ಮಾಸ್ಕ್ ಇಡಿಸಿ. ಹರಿದಿದ್ದರೆ, ಮರೆತಿದ್ದರೆ ಕೊಟ್ಟು ಒಳಗೆ ಕೂರಿಸಿ. ಮಾಸ್ಕಿನ ಕಾರಣಕ್ಕೆ ಯಾವ ಮಗುವನ್ನೂ ವಾಪಸ್ ಕಳಿಸಬಾರದು ಅಂತ ಬರೆದು ಆದೇಶ ಕೊಡಿ.

ಚಿಕ್ಕವರ ಶಾಲೆ ತೆರೆಯುವ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ತೆರೆಯುವುದಾದರೆ ಮೊದಲು ಪ್ರಾಥಮಿಕ ಶಾಲೆ ತೆರೆಯುವುದು ಒಳ್ಳೆಯದು, ಚಿಕ್ಕ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ವೈರಸ್ ತಡೆದುಕೊಳ್ಳುತ್ತಾರೆ, ಶಿಕ್ಷಕರಿಗೆ ಲಸಿಕೆ ಆಗಿರಬೇಕು ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಮುಖ್ಯಸ್ಥರೇ ಜುಲೈನಲ್ಲಿ ಹೇಳಿದ್ದಾರೆ. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57.2 ಮಂದಿಯ ರಕ್ತದಲ್ಲಿ ಆಗಲೇ ವೈರಸ್ ಎದುರಿಸುವ ಪ್ರತಿಕಾಯ ಇದೆ ಅಂತ ಅವರದೇ ಸಮೀಕ್ಷೆ ಹೇಳಿತು. ನಮ್ಮಲ್ಲಿ ಆಗಿದ್ದು ಉಲ್ಟಾ. ಮೊದಲು ದೊಡ್ಡವರು, ಕೊನೆಗೆ ಚಿಕ್ಕವರು. ಆ ಕೊನೆಯೂ ಇನ್ನೂ ಬಂದಿಲ್ಲ.

ಇನ್ನೇನು ಹತ್ತಿ ಬಿಡಿಸುವ ಕಾಲ. ಯಾದಗಿರಿ ಕಡೆಯ ನಮ್ಮ ನೆಂಟರ ಮಕ್ಕಳು ಹೋದ ವರ್ಷವೇ ಹೊಲಕ್ಕೆ ಹೋದರು. ಕೂಲಿಯ ದುಡ್ಡು ಕೈಗೆ ಬಂದ ಮೇಲೆ ಆ ಮಕ್ಕಳನ್ನು ಮತ್ತೆ ಬೆಂಚಿಗೆ ತರುವುದು ಸುಲಭವಲ್ಲ, ಅಲ್ವಾ?

ಅರ್ಧ ದಿನವಾದರೂ ಸರಿ, ದಿನ ಬಿಟ್ಟು ದಿನವಾದರೂ ಸರಿ. ಒಂದರಿಂದ ಐದನ್ನು ತೆರೆಯಿರಿ. ಮಗನ ಪಾಟಿಚೀಲ ಒಗೆದು ಗೂಟಕ್ಕೆ ಹಾಕಿದ್ದೇನೆ. ಯಾವಾಗ ಅಂತ ದಿನಾ ಕೇಳುತ್ತಾನೆ. ನೀವು ಒಂದು ತಾರೀಖು ಹೇಳಿ, ನಾನು ಅವನಿಗೆ ಹೇಳುತ್ತೇನೆ.

ಇಂತಿ,
ಕಲಬುರಗಿಯ ಒಬ್ಬ ತಾಯಿ