ಕೊಲೆಸ್ಟ್ರಾಲ್‌ಗೆ ಯಾರೂ ಕ್ಲೀನ್ ಚಿಟ್ ಕೊಟ್ಟಿಲ್ಲ

ಮಾನ್ಯ ಸಂಪಾದಕರೇ,

ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಅಂಡ್ ವಿಮೆನ್ಸ್ ಆಸ್ಪತ್ರೆಯ ಸಂಶೋಧಕ ಪಾಲ್ ರಿಡ್ಕರ್ ಅವರ ಕೆಲಸದ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಬೇಕಾಗಿದ್ದೇ. ಆದರೆ ಓದಿ ಮುಗಿಸಿದಾಗ ‘ಹೃದಯಾಘಾತಕ್ಕೆ ಉರಿಯೂತವೇ ಕಾರಣ, ಕೊಲೆಸ್ಟ್ರಾಲ್ ಬರೀ ಗುಮ್ಮ’ ಎಂಬ ಭಾವನೆ ಉಳಿಯುತ್ತದೆ. ರಿಡ್ಕರ್ ಅವರ ಪ್ರಯೋಗಗಳು ಹೇಳುವುದು ಅದಲ್ಲ.

ಕೊಲೆಸ್ಟ್ರಾಲ್, ಉರಿಯೂತ ಎರಡರ ಆಟವೂ ನಡೆಯುವುದು ಒಂದೇ ಜಾಗದಲ್ಲಿ. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತೊಯ್ಯುವ ಎಲ್‌ಡಿಎಲ್ (‘ಕೆಟ್ಟ ಕೊಲೆಸ್ಟ್ರಾಲ್’) ಕಣಗಳು ರಕ್ತನಾಳದ ಒಳಪದರ ದಾಟಿ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಅವನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಉಳಿದುಬಿಡುತ್ತವೆ. ಒಳಗೆ ಹರಳುಗಟ್ಟಿದ ಕೊಲೆಸ್ಟ್ರಾಲ್, ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಕೂಟವನ್ನು ಕೆರಳಿಸಿ ಉರಿಯೂತದ ಸಂದೇಶವಾಹಕವಾದ ಇಂಟರ್‌ಲ್ಯೂಕಿನ್-1 ಬೀಟಾ ಹೊರಬರುವಂತೆ ಮಾಡುತ್ತದೆ. ಅದರಿಂದ ಇಂಥದ್ದೇ ಇನ್ನೊಂದು ಸಂದೇಶವಾಹಕ ಇಂಟರ್‌ಲ್ಯೂಕಿನ್-6 ಏರುತ್ತದೆ, ಅದರ ಸೂಚನೆಯಂತೆ ಯಕೃತ್ತು ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ತಯಾರಿಸುತ್ತದೆ. ಇತ್ತ ಅದೇ ಬಿಳಿ ರಕ್ತಕಣಗಳ ಕಿಣ್ವಗಳು ಕೊಬ್ಬಿನ ಗಂಟಿನ ಮೇಲಿನ ನಾರಿನ ಹೊದಿಕೆಯನ್ನು ಸವೆಸುತ್ತವೆ. ಹೊದಿಕೆ ಹರಿದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಸಿಆರ್‌ಪಿ ಇಲ್ಲಿ ಸುಳಿವು ಮಾತ್ರ, ಅಪರಾಧಿಯಲ್ಲ: ಹುಟ್ಟಿನಿಂದಲೇ ಅದನ್ನು ಹೆಚ್ಚಿಸುವ ಜೀನ್ ಇದ್ದವರಲ್ಲಿ ಹೃದಯರೋಗ ಹೆಚ್ಚಾಗಿ ಕಂಡಿಲ್ಲ.

ರಿಡ್ಕರ್ ತಂಡ 1997ರಲ್ಲಿ ತೋರಿಸಿದ್ದು, ಆರೋಗ್ಯವಂತ ಪುರುಷರಲ್ಲಿ ಸಿಆರ್‌ಪಿ ಅತಿ ಹೆಚ್ಚಿದ್ದ ಕಾಲುಭಾಗಕ್ಕೆ, ಅತಿ ಕಡಿಮೆ ಇದ್ದ ಕಾಲುಭಾಗಕ್ಕಿಂತ ಮುಂದೆ ಹೃದಯಾಘಾತವಾಗುವ ಅಪಾಯ ಸುಮಾರು ಮೂರು ಪಟ್ಟು ಎಂದು. 2008ರ ಜುಪಿಟರ್ ಪ್ರಯೋಗದಲ್ಲಿ ಎಲ್‌ಡಿಎಲ್ ಡೆಸಿಲೀಟರ್‌ಗೆ 130 ಮಿಲಿಗ್ರಾಂಗಿಂತ ಕಡಿಮೆ, ಸಿಆರ್‌ಪಿ ಲೀಟರ್‌ಗೆ 2 ಮಿಲಿಗ್ರಾಂ ಅಥವಾ ಹೆಚ್ಚು ಇದ್ದ 17,802 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ರೋಸುವಾಸ್ಟಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಗುಂಪಿನ ಮಾತ್ರೆ) ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಒಟ್ಟಾರೆ ಶೇ 44ರಷ್ಟು ತಗ್ಗಿದವು. ಆದರೆ ಸ್ಟ್ಯಾಟಿನ್ ಎಲ್‌ಡಿಎಲ್ಲನ್ನೂ ಅರ್ಧಕ್ಕೆ ಇಳಿಸಿತ್ತು. ಉಪಯೋಗ ಯಾವುದರಿಂದ ಆಯಿತೆಂದು ಹೇಳುವುದು ಹೇಗೆ? ಈ ತಕರಾರಿಗೆ ಉತ್ತರ ಸಿಕ್ಕಿದ್ದು 2017ರ ಕ್ಯಾಂಟೋಸ್‌ನಲ್ಲಿ. ಹಿಂದೆ ಹೃದಯಾಘಾತವಾಗಿದ್ದ 10,061 ಜನರ ಆ ಪ್ರಯೋಗದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಒಂದನ್ನೇ ತಡೆಯುವ ಕ್ಯಾನಕಿನುಮ್ಯಾಬ್ ಚುಚ್ಚುಮದ್ದನ್ನು ಮೂರು ತಿಂಗಳಿಗೊಮ್ಮೆ ಕೊಡಲಾಯಿತು. ಎಲ್‌ಡಿಎಲ್ ಅಲ್ಲಾಡಲಿಲ್ಲ; ಆದರೂ 150 ಮಿಲಿಗ್ರಾಂ ಪಡೆದವರಲ್ಲಿ ಅವಘಡಗಳು ಶೇ 15ರಷ್ಟು ಕಡಿಮೆಯಾದವು. ಜೊತೆಗೇ ಸೋಂಕಿನಿಂದ ಸಾಯುವವರು ಹೆಚ್ಚಿದರು, ಒಟ್ಟು ಸಾವಿನ ಪ್ರಮಾಣ ಬದಲಾಗಲಿಲ್ಲ. ಈ ಭಾಗ ನಿಮ್ಮ ಬರಹದಲ್ಲಿ ಇರಲೇ ಇಲ್ಲ. ರಿಡ್ಕರ್ ಅವರದೇ ಇನ್ನೊಂದು ಪ್ರಯೋಗದಲ್ಲಿ, ಸಂಧಿವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಯಾವ ಉಪಯೋಗವನ್ನೂ ತೋರಲಿಲ್ಲವೆಂಬುದೂ ಇರಲಿಲ್ಲ. ಆ ಔಷಧ ಈ ರೋಗಿಗಳಲ್ಲಿ ಸಿಆರ್‌ಪಿಯನ್ನೇ ಇಳಿಸಲಿಲ್ಲ. ಉರಿಯೂತ ತಗ್ಗಿಸುವ ಔಷಧಗಳೆಲ್ಲ ಹೃದಯಕ್ಕೆ ಒಂದೇ ಅಲ್ಲ.

ಓದುಗರು ಹೆಚ್ಚು ಎಡವುವುದು ಪರೀಕ್ಷೆಯ ವಿಷಯದಲ್ಲಿ. ಜ್ವರ ಬಂದಾಗ ಮಾಡಿಸುವ ಮಾಮೂಲಿ ಸಿಆರ್‌ಪಿ ಇದಕ್ಕೆ ಬಾರದು. ಅದರ ಅಳತೆ ಸಾಮಾನ್ಯವಾಗಿ ಶುರುವಾಗುವುದೇ ಲೀಟರ್‌ಗೆ 3ರಿಂದ 5 ಮಿಲಿಗ್ರಾಂ ಆಸುಪಾಸಿನಲ್ಲಿ. ಕೇಳಬೇಕಾದದ್ದು ಹೈ ಸೆನ್ಸಿಟಿವಿಟಿ ಸಿಆರ್‌ಪಿ. ಲೀಟರ್‌ಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3 ದಾಟಿದರೆ ಹೆಚ್ಚು. ಮೊದಲು ಅಳತೆಯ ಮಾನ ನೋಡಿ. ಕೆಲವು ವರದಿಗಳು ಡೆಸಿಲೀಟರ್ ಲೆಕ್ಕದಲ್ಲಿರುತ್ತವೆ, ಅಲ್ಲಿ 0.4 ಎಂದರೆ ಇಲ್ಲಿ 4. ‘ಪಾಯಿಂಟ್ ನಾಲ್ಕು ತಾನೇ’ ಎಂದು ನಿರಾಳವಾಗುವವರು ಹೆಚ್ಚು ಅಪಾಯದ ಸಾಲಿನಲ್ಲಿದ್ದಾರೆ! ಖಾಲಿ ಹೊಟ್ಟೆ ಬೇಕಿಲ್ಲ, ಸಮಯ ಮಾತ್ರ ಮುಖ್ಯ. ನೆಗಡಿ, ಹಲ್ಲಿನ ಸೋಂಕು, ಲಸಿಕೆ, ಪೆಟ್ಟು, ಶಸ್ತ್ರಚಿಕಿತ್ಸೆ ಯಾವುದೇ ಆದರೂ ಸಂಖ್ಯೆಯನ್ನು ಏರಿಸುತ್ತದೆ. 10 ದಾಟಿದರೆ ಅದನ್ನು ಹೃದಯದ ಲೆಕ್ಕಕ್ಕೆ ಹಿಡಿಯದೆ ಬೇರೆ ಕಾರಣ ಹುಡುಕಿ, ವಾಸಿಯಾದ ಮೇಲೆ ಮತ್ತೆ ಮಾಡಿಸಬೇಕು. ಎರಡು ವಾರದ ಅಂತರದಲ್ಲಿ ಎರಡು ಬಾರಿ ನೋಡಿ ಸರಾಸರಿ ತೆಗೆಯುವುದು ಒಳ್ಳೆಯದು. ಬೊಜ್ಜು, ಧೂಮಪಾನ, ಬಾಯಿಂದ ಸೇವಿಸುವ ಈಸ್ಟ್ರೋಜನ್ ಮಾತ್ರೆ ಇವೂ ಅದನ್ನು ಮೇಲಕ್ಕೆ ಒಯ್ಯುತ್ತವೆ. ಎದೆನೋವು ಬಂದಾಗಲಂತೂ ಇದರ ಗೋಜಿಗೇ ಹೋಗಬಾರದು. ಆಗ ಬೇಕಿರುವುದು ಇಸಿಜಿ ಮತ್ತು ಹೃದಯಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ.

ಇನ್ನೊಂದು ನಿಜವಾದ ಅಪಾಯವಿದೆ. ‘ಉರಿಯೂತ ಕೆಟ್ಟದ್ದು’ ಎಂದು ಓದಿದವರು ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಿದರೆ ಫಲ ತಿರುಗುಮುರುಗು. ಈ ಗುಂಪಿನ ನೋವುನಿವಾರಕಗಳು ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತವೆ. ಇದೇ ಗುಂಪಿನ ರೋಫೆಕಾಕ್ಸಿಬ್ 2004ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದದ್ದು ಇದೇ ಕಾರಣಕ್ಕೆ. ಆಸ್ಪಿರಿನ್‌ಗೆ ಮುಂಚೆ ಐಬುಪ್ರೊಫೆನ್ ತೆಗೆದುಕೊಂಡರೆ, ಪ್ಲೇಟ್‌ಲೆಟ್ ಮೇಲೆ ಆಸ್ಪಿರಿನ್ ಮಾಡಬೇಕಾದ ಕೆಲಸವೂ ಕೆಡುತ್ತದೆ.

ಕಾಲ್ಚಿಸಿನ್ ಬಗ್ಗೆ ಬರಹದಲ್ಲಿ ಒಂದೇ ಸಾಲಿತ್ತು. ಗೌಟ್‌ಗೆ (ಯೂರಿಕ್ ಆಮ್ಲದಿಂದ ಬರುವ ಕೀಲುನೋವಿಗೆ) ಕೊಡುವ ಈ ಹಳೆಯ ಔಷಧ ದಿನಕ್ಕೆ 0.5 ಮಿಲಿಗ್ರಾಂ ಪ್ರಮಾಣದಲ್ಲಿ, ಸ್ಥಿರ ಹೃದಯರೋಗವಿದ್ದ 5,522 ಜನರ ಪ್ರಯೋಗದಲ್ಲಿ 2020ರಲ್ಲಿ ಲಾಭ ತೋರಿಸಿತು. ಹೃದಯಾಘಾತವಾದ ಕೂಡಲೇ ಕೊಟ್ಟ 2024ರ ದೊಡ್ಡ ಪ್ರಯೋಗದಲ್ಲಿ ತೋರಿಸಲಿಲ್ಲ. ಯಾರಿಗೆ ಕೊಡಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಯಾರಿಗೆ ಕೊಡಬಾರದು ಎಂಬುದು ಮಾತ್ರ ಸ್ಪಷ್ಟ: ಮೂತ್ರಪಿಂಡ ತೀವ್ರವಾಗಿ ಕೆಟ್ಟವರಿಗೆ ಬೇಡ. ಕ್ಲಾರಿಥ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ನಡೆಯುತ್ತಿರುವಾಗಲೂ ಬೇಡ, ಏಕೆಂದರೆ ಅದು ಕಾಲ್ಚಿಸಿನ್ ದೇಹದಿಂದ ಹೊರಹೋಗುವ ದಾರಿಯನ್ನು ತಡೆದು, ಮಾಮೂಲಿ ಪ್ರಮಾಣವನ್ನೂ ವಿಷದ ಮಟ್ಟಕ್ಕೆ ಮುಟ್ಟಿಸಬಲ್ಲದು. ಮುಂದಿನ ಆರೋಗ್ಯ ಪುಟದಲ್ಲಿ ಈ ಕೊನೆಯ ಮಾತನ್ನಾದರೂ ದಪ್ಪ ಅಕ್ಷರದಲ್ಲಿ ಹಾಕಿ.