ಗಾಳಿ ಮೇಲೆ ಗೂಬೆ ಕೂರಿಸೋ ಮೊದಲು ಬ್ಯಾಲೆನ್ಸ್ ನೋಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪೇಪರಲ್ಲಿ ಒಂದು ಕಾಲೇಜ್ ಫೆಸ್ಟ್ ಸುದ್ದಿ ಬಂದಿತ್ತು, ಹುಡುಗರು ಕಟ್ಟಿದ ರಿಮೋಟ್ ಕಂಟ್ರೋಲ್ ವಿಮಾನ ಕೈ ಬಿಟ್ಟ ತಕ್ಷಣ ಮೂಗೆತ್ತಿ ಸರ್ರಂತ ಮೇಲಕ್ಕೆ ಹೋಗಿ, ಒಂದು ಕ್ಷಣ ನಿಂತ ಹಾಗಾಗಿ, ಒಂದು ಕಡೆ ವಾಲಿ ಬಿತ್ತು ಅಂತ. ಕಾರಣ ಮಾತ್ರ ‘ಜೋರು ಗಾಳಿ’ ಅಂತ ಬರೆದಿದ್ರಿ. ಎನ್‌ಸಿಸಿ ಏರ್ ವಿಂಗಲ್ಲಿ ಏರೋಮಾಡೆಲಿಂಗ್ ಕಲಿತು ಈಗಲೂ ಬಿಡದೆ ಹಾರಿಸ್ತಾ ಇರೋನು ನಾನು, ಅದನ್ನ ಓದಿ ನಿಜಕ್ಕೂ ಸಂಕಟ ಆಯ್ತು. ನೀವೇ ಬರೆದಿರೋ ಆ ಬೀಳೋ ರೀತಿ ಇದ್ಯಲ್ಲ, ಅದು ಬಾಲ ಭಾರ ಆಗಿರೋ ವಿಮಾನದ್ದು. ಗಾಳಿ ಒಂಚೂರು ಕೈಜೋಡಿಸಿರಬಹುದು ಅಷ್ಟೆ.

ಯಾಕೆ ಅಂತ ಹೇಳ್ತೀನಿ. ಯಾವ ವಿಮಾನಕ್ಕಾದ್ರೂ ಇಡೀ ತೂಕ ಒಂದು ಜಾಗದಲ್ಲಿ ತೂಗುತ್ತೆ, ಸಿಜಿ (ಸೆಂಟರ್ ಆಫ್ ಗ್ರಾವಿಟಿ, ಗುರುತ್ವ ಕೇಂದ್ರ) ಅಂತೀವಲ್ಲ ಅದು. ನೇರ ರೆಕ್ಕೆಯ, ಕಲಿಯೋರು ಹಾರಿಸೋ ಸಾಮಾನ್ಯ ಟ್ರೈನರ್ ವಿಮಾನದಲ್ಲಿ ಈ ಸಿಜಿ ರೆಕ್ಕೆಯ ಮುಂದಿನ ಅಂಚಿಂದ ಹಿಂದಕ್ಕೆ, ರೆಕ್ಕೆ ಅಗಲದ (ಮುಂದಿನ ಅಂಚಿಂದ ಹಿಂದಿನ ಅಂಚಿಗೆ ಇರೋ ಅಳತೆ) ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಬರಬೇಕು. ರೆಕ್ಕೆ ಅಗಲ 20 ಸೆಂಟಿಮೀಟರ್ ಇದ್ರೆ 5ರಿಂದ ಆರೂವರೆ ಸೆಂಟಿಮೀಟರ್, ಮೊದಲ ಸಲ ಹಾರಿಸೋವಾಗ 5ರ ಹತ್ರಾನೇ ಇಟ್ಕೊಳ್ಳೋದು ಒಳ್ಳೇದು. ಮೂಗು ಸ್ವಲ್ಪ ಭಾರ ಆದ್ರೆ ವಿಮಾನ ಮಂದವಾಗಿ ಹಾರುತ್ತೆ, ಇಳಿಸೋವಾಗ ಸ್ಪೀಡ್ ಜಾಸ್ತಿ ಬೇಕು, ಆದ್ರೂ ವಾಪಸ್ ಕೈಗೆ ಬರುತ್ತೆ. ಬಾಲ ಭಾರ ಆದ್ರೆ ಎಲಿವೇಟರ್ (ಮೂಗು ಏರಿಸಿ ಇಳಿಸೋ ಬಾಲದ ಪಟ್ಟಿ) ಚೂರು ಮುಟ್ಟಿದ್ರೂ ಮೂಗು ಹಾರುತ್ತೆ, ಸ್ಪೀಡ್ ಸತ್ತು ಸ್ಟಾಲ್ ಆಗುತ್ತೆ, ಅಂದ್ರೆ ರೆಕ್ಕೆ ಎತ್ತಿ ಹಿಡಿಯೋ ಶಕ್ತಿ ಕಳ್ಕೊಳ್ಳುತ್ತೆ, ಎಂಥ ಪಳಗಿದ ಪೈಲಟ್ ಕೈಗೂ ಉಳಿಯೋದು ಕಷ್ಟ.

ಇದನ್ನ ನೋಡೋಕೆ ದೊಡ್ಡ ಸಲಕರಣೆ ಏನೂ ಬೇಡ. ಬ್ಯಾಟ್ರಿ, ಪ್ರೊಪೆಲ್ಲರ್, ಚಕ್ರ ಎಲ್ಲಾ ಹಾಕಿ ಹಾರೋಕೆ ರೆಡಿ ಇರೋ ಹಾಗೇ ಇಟ್ಕೊಂಡು, ಎರಡೂ ರೆಕ್ಕೆ ಅಡಿ ಸಿಜಿ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ, ಅಲ್ಲಿ ಎರಡು ಬೆರಳಿಟ್ಟು ಎತ್ತಿದ್ರೆ ಗೊತ್ತಾಗುತ್ತೆ. ಮಟ್ಟವಾಗಿ ನಿಂತ್ರೆ ಅಥವಾ ಮೂಗು ಒಂಚೂರು ಬಗ್ಗಿದ್ರೆ ಸರಿ. ಬಾಲ ಕೆಳಗೆ ಹೋದ್ರೆ ಮೊದಲು ಬ್ಯಾಟ್ರಿ ಮುಂದಕ್ಕೆ ತಳ್ಳಬೇಕು, ಅಲ್ಲೂ ಜಾಗ ಇಲ್ಲ ಅಂದ್ರೆ ಮಾತ್ರ ಮೂಗಿಗೆ ಸೀಸದ ಚೂರು. ಕೆಳರೆಕ್ಕೆ ವಿಮಾನ ಆದ್ರೆ ತಲೆಕೆಳಗು ಮಾಡಿ ನೋಡೋದು ಸುಲಭ, ಪೆಟ್ರೋಲ್ ಇಂಜಿನ್ ಆದ್ರೆ ಟ್ಯಾಂಕ್ ಖಾಲಿ ಇರಬೇಕು.

ಹುಡುಗರ ವಿಮಾನ ಬಾಲ ಭಾರ ಆಗೋದು ಹೇಗೆ ಅಂದ್ರೆ, ಹಿಂದಿನ ದಿನ ರಾತ್ರಿ ಬಾಲ ಮುರಿದಿರುತ್ತೆ, ಹಾಟ್ ಗ್ಲೂ ಸುರಿದು ಟೇಪ್ ಸುತ್ತಿರ್ತಾರೆ, 10 ಗ್ರಾಂ ತಾನೆ ಅಂತ. ಆದ್ರೆ ಬಾಲ ಸಿಜಿಯಿಂದ 60 ಸೆಂಟಿಮೀಟರ್ ದೂರ, ಮೂಗು ಬರೀ 20 ಸೆಂಟಿಮೀಟರ್ ಅಂದ್ರೆ, ಆ 10 ಗ್ರಾಂ ಸರಿದೂಗಿಸೋಕೆ ಮೂಗಿಗೆ 30 ಗ್ರಾಂ ಬೇಕು! ಇನ್ನೊಂದು, ಬ್ಯಾಟ್ರಿನ ಬರೀ ಒಂದು ತುಂಡು ವೆಲ್ಕ್ರೋದಲ್ಲಿ ಅಂಟಿಸಿರ್ತಾರೆ, ನೆಲದ ಮೇಲೆ ಬ್ಯಾಲೆನ್ಸ್ ಸರಿಯಾಗೇ ಇರುತ್ತೆ, ಮೂಗೆತ್ತಿ ಏರೋವಾಗ ಅದು ಹಿಂದಕ್ಕೆ ಜಾರುತ್ತೆ. ಸ್ಟ್ರ್ಯಾಪ್ ಹಾಕಿ ಬಿಗೀಬೇಕು, ಬ್ಯಾಟ್ರಿ ಕೂರೋ ಜಾಗಕ್ಕೆ ಮಾರ್ಕರಲ್ಲಿ ಗೆರೆ ಎಳೆದಿರಬೇಕು, ಯಾಕಂದ್ರೆ ಮಧ್ಯಾಹ್ನ ಬ್ಯಾಟ್ರಿ ಬದಲಾಯಿಸೋನು ಬೇರೆ ಹುಡುಗ ಆಗಿರ್ತಾನೆ.

ಅಡ್ಡಡ್ಡ ಬ್ಯಾಲೆನ್ಸ್ ಬಗ್ಗೆ ಜಾಸ್ತಿ ಹೇಳಲ್ಲ, ಮೂಗು ಬಾಲ ಹಿಡಿದೆತ್ತಿ ಯಾವ ರೆಕ್ಕೆ ಇಳಿಯುತ್ತೆ ನೋಡಿ ಹಗುರ ಇರೋ ಕಡೆ ತುದಿಗೆ ಚೂರು ತೂಕ ಅಂಟಿಸಿದ್ರೆ ಆಯ್ತು. ಆದ್ರೆ ಕಂಟ್ರೋಲ್ ಉಲ್ಟಾ ಇದ್ಯಾ ಅನ್ನೋದನ್ನ ಮಾತ್ರ ಪ್ರತಿ ಸಲ ನೋಡಲೇಬೇಕು. ವಿಮಾನದ ಹಿಂದೆ ನಿಂತು ರಿಮೋಟಿನ ಸ್ಟಿಕ್ ಬಲಕ್ಕೆ ಒತ್ತಿದ್ರೆ ಬಲಗಡೆ ಏಲಿರಾನ್ (ರೆಕ್ಕೆ ಹಿಂದಂಚಲ್ಲಿ ಅಲ್ಲಾಡೋ ಪಟ್ಟಿ) ಮೇಲೇಳಬೇಕು, ಎಡಗಡೇದು ಇಳಿಯಬೇಕು. ಎಲಿವೇಟರ್ ಸ್ಟಿಕ್ ಹಿಂದಕ್ಕೆ ಎಳೆದ್ರೆ ಎಲಿವೇಟರ್ ಮೇಲೇಳಬೇಕು. ಮುಂದೆ ನಿಂತು ನೋಡಿದ್ರೆ ಎಡ ಬಲ ಗೊಂದಲ ಆಗುತ್ತೆ, ಸರ್ವೋ (ಪಟ್ಟಿ ಅಲ್ಲಾಡಿಸೋ ಪುಟ್ಟ ಮೋಟರ್) ಅಲ್ಲಾಡ್ತಲ್ಲ ಸಾಕು ಅಂತ ಹೊರಟುಬಿಡ್ತಾರೆ.

ಸುರಕ್ಷತೆ ವಿಷಯ ಇನ್ನೂ ಮುಖ್ಯ. ಟೇಬಲ್ ಮೇಲೆ ಸೆಟಿಂಗ್ ಮಾಡೋವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು, ಅದು ಬೆರಳು ಕತ್ತರಿಸೋವಂಥದ್ದು. ಮೊದಲು ಟ್ರಾನ್ಸ್‌ಮಿಟರ್ (ಕೈಲಿರೋ ರಿಮೋಟ್) ಆನ್, ಆಮೇಲೆ ವಿಮಾನದ ಬ್ಯಾಟ್ರಿ, ಬಿಚ್ಚೋವಾಗ ಉಲ್ಟಾ. ಸಿಗ್ನಲ್ ಹೋದ್ರೆ ಮೋಟರ್ ತಾನಾಗೇ ನಿಲ್ಲುತ್ತಾ ಅಂತ ಪ್ರೊಪೆಲ್ಲರ್ ಬಿಚ್ಚಿರೋವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಬೇಕು. ಊದಿಕೊಂಡಿರೋ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟ್ರಿ ಹಾಕಲೇಬಾರದು.

ಬೆಂಗಳೂರಲ್ಲಿ ಯಲಹಂಕ, ಎಚ್‌ಎಎಲ್, ಜಕ್ಕೂರು ಅಂತ ಸುತ್ತ ರನ್‌ವೇಗಳೇ ಇರೋದ್ರಿಂದ ಹಾರಿಸೋ ಜಾಗ ಯಾವ ಝೋನಲ್ಲಿದೆ, ಅಲ್ಲಿ ಹಾರಿಸಬಹುದಾ ಅಂತ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಲ್ಲಿ ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಜಾಗ ನೋಡಿ, ವಿಮಾನಾನೇ ನೋಡದಿದ್ರೆ ಏನು ಬಂತು? ಮೈದಾನದ ಸುತ್ತ ಮಕ್ಕಳು, ಅಪ್ಪ ಅಮ್ಮಂದಿರು ನಿಂತಿರ್ತಾರೆ.

ಅದಕ್ಕೇ ಕಾಲೇಜಿನವರಿಗೆ, ವರ್ಕ್‌ಶಾಪ್ ನಡೆಸೋರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೋತೀನಿ. ಹಾರಿಸೋ ಮುಂಚೆ ಅರ್ಧ ಗಂಟೆ ಬರೀ ಪರೀಕ್ಷೆಗೆ ಅಂತ ಇಡಿ. ಕಟ್ಟಿದ ಟೀಮೇ ನೋಡ್ಕೊಂಡ್ರೆ ಸಾಲದು, ನಿದ್ದೆಗೆಟ್ಟು ಕಟ್ಟಿದೋರ ಕಣ್ಣಿಗೆ ಉಲ್ಟಾ ಏಲಿರಾನ್ ಕಾಣಲ್ಲ, ಹೊರಗಿನ ಅನುಭವಸ್ಥರು ಒಬ್ಬರು ಬೆರಳಿಟ್ಟು ಎತ್ತಿ ನೋಡಿ ಸಹಿ ಹಾಕ್ಲಿ. ಸಹಿ ಇಲ್ಲದ ವಿಮಾನ ಮೇಲೇಳೋದು ಬೇಡ. ಈ ಪರೀಕ್ಷೆಗೂ ಮಾರ್ಕ್ಸ್ ಕೊಡಿ, ಹುಡುಗರು ತಾವಾಗೇ ಕಲಿತಾರೆ. ನಿಮ್ಮ ವರದಿಗಾರರೂ ಮುಂದಿನ ಸಲ ಇಂಥ ಕಡೆ ಹೋದಾಗ ಸಿಜಿ ಯಾರು ನೋಡಿದ್ರು ಅಂತ ಒಂದು ಮಾತು ಕೇಳಲಿ.

ಇತಿ,
ಏರೋಮಾಡೆಲಿಂಗ್ ಆಸಕ್ತ, ಬೆಂಗಳೂರು